ಒಬ್ಬರೇ ಅಂಪೈರ್ ಎಲ್ಲ ಬೇಸ್‌ಗಳ ಬಳಿಯೂ ಹಾಜರಿರಬೇಕಾದ ಬಗ್ಗೆ

ಮಕ್ಕಳ ಸಾಫ್ಟ್‌ಬಾಲ್ ಇಲಾಖೆ
ಸಂಖ್ಯೆ: ಮಸಾಇ/ಒಂಟಿ ಅಂಪೈರ್/ಬೆನ್ನಿನ ಕಣ್ಣು/೪

ವಿಷಯ: ಮಕ್ಕಳ ಪಂದ್ಯಗಳಲ್ಲಿ ಒಂಟಿ ಅಂಪೈರ್ ತೋರಬೇಕಾದ ಶ್ರಮ ಹಾಗೂ ವೃತ್ತಿಪರತೆ.

ಉಲ್ಲೇಖ: ಕಳೆದ ಭಾನುವಾರ ಬೇಲಿಯಾಚೆಯಿಂದ ಬಂದ ಮೌಖಿಕ ದೂರು (ಗಂಟಲು ಹರಿಯುವಷ್ಟು ಗಟ್ಟಿ).

ಸದರಿ ದಿನದ ಬಾಲಕಿಯರ ಪಂದ್ಯಕ್ಕೆ ಎರಡನೇ ಅಂಪೈರ್ ಕೈಕೊಟ್ಟಿದ್ದರಿಂದ, ವೃತ್ತಿಯಲ್ಲಿ ದರ್ಜಿಯಾದ ಅಂಪೈರ್ ಒಬ್ಬರೇ ಇಡೀ ಮೈದಾನ ನಿಭಾಯಿಸಿರುತ್ತಾರೆ. ಅವರು ಮೊದಲನೇ ಬೇಸ್ ನೋಡುತ್ತಿದ್ದಾಗ, ಬೆನ್ನ ಹಿಂದೆ ಒಬ್ಬ ಬಾಲಕಿ ಮೂರನೇ ಬೇಸ್‌ಗೆ ಧೂಳೆಬ್ಬಿಸಿ ಜಾರಿರುತ್ತಾಳೆ. "ನಂಗೆ ಕಾಣ್ಲಿಲ್ಲ ಪುಟ್ಟಿ, ಏನಾಯ್ತು ನೀನೇ ಹೇಳು" ಎಂದು ಅಂಪೈರ್ ಕೇಳಲಾಗಿ, "ನಾನು ಔಟ್ ಅಂಕಲ್, ಬೇಸ್ ಹತ್ರ ನಿಂತಿದ್ದವಳು ಮೊದ್ಲೇ ನಂಗೆ ಚೆಂಡು ಮುಟ್ಟಿಸಿದ್ಲು" ಎಂದು ತಿಳಿಸಿ ಆಕೆ ತಾನಾಗಿಯೇ ಹೊರನಡೆದಿರುತ್ತಾಳೆ. ಆಕೆಯ ತಂದೆ ಬೇಲಿ ಹತ್ತಿ "ಕಣ್ಣು ಮನೇಲಿಟ್ಟು ಬಂದಿದೀಯೇನಯ್ಯಾ?" ಎಂದು ಅರಚಿರುತ್ತಾರೆ. ಸದರಿ ತಂದೆಯೇ ಈ ಸುತ್ತೋಲೆಯ ಸಹಿದಾರರು. ಅಂಪೈರ್ ತಮ್ಮ ಮುಖಕವಚವನ್ನು ಕಚೇರಿಯ ಮೇಜಿನ ಮೇಲೆ ಕುಕ್ಕಿ ಹೋಗಿದ್ದು, ಅವರು ಬಾರದಿದ್ದರೆ ಈ ಭಾನುವಾರ ಪಂದ್ಯವಿರುವುದಿಲ್ಲ. ಮಗಳು ಅಂದಿನಿಂದ ತಂದೆಯೊಂದಿಗೆ ಮಾತು ಬಿಟ್ಟಿರುತ್ತಾಳೆ.

ಆದ್ದರಿಂದ ಎಲ್ಲ ಒಂಟಿ ಅಂಪೈರ್‌ಗಳಿಗೆ ಈ ಮೂಲಕ ಸೂಚಿಸಲಾಗಿದೆ:

೧. ಎಸೆದ ಚೆಂಡು ಹಿಡಿಯುವ ಕ್ಯಾಚರ್ ಹಿಂದೆ ನಿಂತಿರತಕ್ಕದ್ದು. ಅದೇ ಕಾಲಕ್ಕೆ ಎಲ್ಲ ಬೇಸ್‌ಗಳ ಬಳಿಯೂ ಹಾಜರಿರತಕ್ಕದ್ದು. ಪ್ರತಿ ಹಾಜರಿಗೂ ಪ್ರತ್ಯೇಕ ಸಹಿ ಹಾಕತಕ್ಕದ್ದು.

೨. ಕಣ್ಣು ಮಿಟುಕಿಸುವುದು ಅನಿವಾರ್ಯವಾದಲ್ಲಿ ಒಂದೊಂದಾಗಿ ಮಿಟುಕಿಸತಕ್ಕದ್ದು.

೩. ಏದುಸಿರನ್ನು ಇನಿಂಗ್ಸ್ ಮುಗಿಯುವವರೆಗೆ ತಡೆಹಿಡಿಯತಕ್ಕದ್ದು.

೪. ಸೋತ ತಂಡ ಅಳತೊಡಗಿದಲ್ಲಿ ಮರುಕ ತೋರತಕ್ಕದ್ದಲ್ಲ. ಮುಖಕವಚದ ಒಳಗೆ ಮರುಕಪಡಲು ಇಲಾಖೆಯ ಅಡ್ಡಿಯಿಲ್ಲ.

೫. ಬೇಲಿಯಾಚೆಯ ಪೋಷಕರಿಗೆ ಎಲ್ಲವೂ ಚೆನ್ನಾಗಿ ಕಂಡಿದೆಯೆಂದು ಭಾವಿಸತಕ್ಕದ್ದು. ಆ ಹೊತ್ತಿನಲ್ಲಿ ಫೋನ್ ನೋಡುತ್ತಿದ್ದ ಪೋಷಕರಿಗೆ ಇನ್ನೂ ಚೆನ್ನಾಗಿ ಕಂಡಿರುತ್ತದೆ.

೬. ತೀರ್ಪಿಗಾಗಿ ಆಟಗಾರ್ತಿಯನ್ನೇ ಕೇಳುವುದನ್ನು ನಿಷೇಧಿಸಲಾಗಿದೆ. ಮಕ್ಕಳು ನಿಜ ಹೇಳಿಬಿಡುವ ಸಂಭವವಿರುತ್ತದೆ.

೭. ಮೇಲ್ಕಂಡ ನಿಯಮಗಳನ್ನು ಪರೀಕ್ಷಿಸುವ ಸಲುವಾಗಿ ಸಹಿದಾರರು ನಿನ್ನೆಯ ಅಭ್ಯಾಸ ಪಂದ್ಯಕ್ಕೆ ತಾವೊಬ್ಬರೇ ಅಂಪೈರ್ ಆಗಿ ನಿಂತಿರುತ್ತಾರೆ. ಮೊದಲ ಎಸೆತಕ್ಕೇ ಎರಡೂ ಕಣ್ಣು ಮುಚ್ಚಿದ್ದು, ಎಲ್ಲ ಕಡೆ ಹಾಜರಾಗಲು ಹೋಗಿ ಸ್ವಂತ ಕಾಲಿಗೇ ತೊಡರಿ ಬಿದ್ದಿರುತ್ತಾರೆ. ಬಿದ್ದಲ್ಲಿಂದಲೇ, ಏನೂ ಕಾಣದಿದ್ದರೂ, "ಸೇಫ್!" ಎಂದು ಕೂಗಿರುತ್ತಾರೆ. ಓಡಿ ಬಂದಿದ್ದವಳು ಮಗಳೇ ಆಗಿದ್ದು, ಆಕೆ ತಂದೆಯ ಮುಖವನ್ನೊಮ್ಮೆ ನೋಡಿ, ನಿಜವಾಗಿ ಔಟಾಗಿದ್ದರಿಂದ ಮತ್ತೆ ತಾನಾಗಿಯೇ ಹೊರನಡೆದಿರುತ್ತಾಳೆ.

೮. ಸಹಿದಾರರಿಗೆ ನಾಚಿಕೆಯಾಗಿರುತ್ತದೆ. ಆದಕಾರಣ ೧ರಿಂದ ೬ರವರೆಗಿನ ನಿಯಮಗಳನ್ನು ಹೊರಡಿಸಿದ ಉಸಿರಿನಲ್ಲೇ ಹಿಂಪಡೆಯಲಾಗಿದೆ. "ನಂಗೆ ಕಾಣ್ಲಿಲ್ಲ" ಎನ್ನುವುದನ್ನು ಇನ್ನು ಮುಂದೆ ವೃತ್ತಿಪರತೆ ಎಂದೇ ಪರಿಗಣಿಸತಕ್ಕದ್ದು.

ಸಹಿ/-
ಉಪನಿರ್ದೇಶಕರು
(ಎಡಗೈಯಿಂದ, ಬಲಗೈಗೆ ಪಟ್ಟಿ ಕಟ್ಟಲಾಗಿದೆ)

ಪ್ರತಿಗಳು:

೧. ಅಂಪೈರ್ ಅವರಿಗೆ, ಒರೆಸಿದ ಮುಖಕವಚದೊಂದಿಗೆ, ಅಂಚೆ ಮೂಲಕ.

೨. ಬೇಲಿಗೆ, ಎಲ್ಲರಿಗೂ ಕಾಣುವಂತೆ ಅಂಟಿಸಲು.

೩. ಸಹಿದಾರರ ಮಗಳಿಗೆ, ಕೋಣೆಯ ಬಾಗಿಲ ಸಂದಿಯಿಂದ.

ಷರಾ: ಮೂರನೇ ಪ್ರತಿಯು ಅದೇ ಸಂದಿಯಿಂದ ವಾಪಸಾಗಿದ್ದು, ಅದರ ಮೇಲೆ "ಅಂಚೆ ಬೇಡ ಅಪ್ಪಾ, ಅಂಕಲ್ ಹತ್ರ ನೀವೇ ಹೋಗಿ ಹೇಳಿ. ನಾನೂ ಬರ್ತೀನಿ" ಎಂದು ಬರೆಯಲಾಗಿರುತ್ತದೆ. ಆದೇಶದಂತೆ ಇಬ್ಬರೂ ಹೊರಟಿರುತ್ತಾರೆ.