ಹಂಡೆಯ ಜಾಗದಲ್ಲಿ ಕುಳಿತ ಮಾನ್ಯ ಇನ್ವರ್ಟರ್ ಅವರಿಗೆ

ಶ್ರೀಮಾನ್ ಸೋಲಾರ್ ಇನ್ವರ್ಟರ್ ಅವರ ದಿವ್ಯ ಸನ್ನಿಧಿಗೆ,
ನೀರೊಲೆ ಇದ್ದ ಗೋಡೆ, ನಮ್ಮ ಹಿತ್ತಲು, ಸಿರುಗುಪ್ಪ.

ಮಾನ್ಯರೇ,

ದಿನವೂ ಸೂರ್ಯನಿಗಿಂತ ತಡವಾಗಿ ಎದ್ದು ಸೂರ್ಯನಿಗಿಂತ ಮೊದಲೇ ಮಲಗುವ ತಮಗೆ, ಈ ಮನೆಯ ಸೊಸೆಯೂ ಹಚ್ಚೊಳ್ಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿಯೂ ಆದ ಸುನಂದಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮ್ಮ ನಿದ್ರೆಗೆ ಭಂಗ ಬಾರದಿರಲೆಂದು ಈ ಪತ್ರವನ್ನು ಭಾನುವಾರದ ಮಟಮಟ ಮಧ್ಯಾಹ್ನ, ತಮ್ಮ ದೀಪ ಹಸಿರಾಗಿರುವುದನ್ನು ಎರಡು ಸಲ ಖಚಿತಪಡಿಸಿಕೊಂಡು ಬರೆಯುತ್ತಿದ್ದೇನೆ. ತಮ್ಮನ್ನು ಮನೆ ತುಂಬಿಸಿಕೊಳ್ಳಲು ನಮ್ಮ ಓಣಿಯಲ್ಲಿ ಇನ್ನೂ ಕೆಲವರು ತಯಾರಾಗಿದ್ದಾರೆಂದು ಕೇಳಿ, ಅವರೂ ಓದಿಕೊಳ್ಳಲೆಂದು ಇದನ್ನು ಬಹಿರಂಗವಾಗಿಯೇ ಬರೆದಿದ್ದೇನೆ, ಮನ್ನಿಸಬೇಕು.

ತಮ್ಮ ಆಗಮನದ ವೈಭವವನ್ನು ಮೊದಲು ನೆನೆಯಲೇಬೇಕು. ಹೋದ ಬೇಸಿಗೆಯಲ್ಲಿ ತಾವು ಬಳ್ಳಾರಿಯಿಂದ ಟೆಂಪೋದಲ್ಲಿ ಬಂದಿಳಿದಾಗ, ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ನನ್ನ ಯಜಮಾನರಾದ ಚನ್ನಬಸವರಾಜ ಅವರು ತಮಗೆ ಊದುಬತ್ತಿ ಬೆಳಗಿ, ಕಾಯಿ ಒಡೆದು, ತಮ್ಮ ಮೈಗೆ ಬಿಸಿಲು ತಾಗದ ಜಾಗಕ್ಕಾಗಿ ಮನೆಯೆಲ್ಲ ಹುಡುಕಾಡಿದರು. ಬಿಸಿಲನ್ನೇ ಉಣ್ಣುವವರಿಗೆ ಬಿಸಿಲು ತಾಗಬಾರದೆಂಬುದು ನನಗೆ ಅಂದು ತಿಳಿಯಿತು. ಕೊನೆಗೆ ಬಚ್ಚಲಿಗೆ ಹೊಂದಿಕೊಂಡ ಮಾಡಿನ ಕೆಳಗಿದ್ದ ನೀರೊಲೆಯನ್ನು ಒಡೆಸಿ, ಅದರ ಮೇಲಿದ್ದ ತಾಮ್ರದ ಹಂಡೆಯನ್ನು ಕುರುಗೋಡಿನಲ್ಲಿರುವ ಅವರ ಅಕ್ಕ ಶಾಂಭವಿಯ ಮನೆಗೆ ಸಾಗಿಸಿ, ಆ ಗೋಡೆಗೆ ಸುಣ್ಣ ಬಳಿಸಿ ತಮ್ಮನ್ನು ಪ್ರತಿಷ್ಠಾಪಿಸಿದರು. ಒಲೆಯ ಬದಲು ಬಚ್ಚಲಿಗೆ ಒಂದು ಗೀಸರ್ ಬಂತು.

ಬೇಸಿಗೆಯಲ್ಲಿ ತಮ್ಮ ಮೇಲೆ ನನ್ನ ದೂರೇನೂ ಇರಲಿಲ್ಲ. ನಮ್ಮ ಕಡೆಯ ಬಿಸಿಲಿಗೆ ಎಮ್ಮೆಯೂ ಇನ್ವರ್ಟರ್ ಆಗಬಲ್ಲದು. ಮುಂಜಾನೆಯಿಂದ ಸಂಜೆಯವರೆಗೆ ಹಸಿರು ದೀಪ ಉರಿಸಿಕೊಂಡು ತಾವು ಮೆರೆದಿರಿ. ತಮ್ಮ ನಿಜವಾದ ಯೋಗ್ಯತೆ ತಿಳಿದದ್ದು ಚಳಿಗಾಲ ಬಂದ ಮೇಲೆ. ಹೊತ್ತು ಏರುವುದೇ ನಿಧಾನ, ಇಳಿಯುವುದು ಬೇಗ. ಅದರ ಮೇಲೆ ಭತ್ತ ಕೊಯ್ಲಾಗಿ ಊರಿನ ರೈಸ್ ಮಿಲ್ಲುಗಳೆಲ್ಲ ಒಟ್ಟಿಗೆ ಹೊಗೆ ಬಿಡುವ ಕಾಲ ಇದೇ ಆದ್ದರಿಂದ, ಹೊಟ್ಟಿನ ಬೂದಿ ಹಾರಿ ಬಂದು ಮಾಳಿಗೆಯ ಮೇಲಿನ ಪ್ಯಾನೆಲ್ಲುಗಳಿಗೆ ವಿಭೂತಿ ಧಾರಣೆ ಮಾಡುತ್ತದೆ. ಬೂದಿ ತೊಳೆಯಲು ನೀರು ಬೇಕು, ನೀರು ಏರಲು ಪಂಪು ಓಡಬೇಕು, ಪಂಪು ಓಡಲು ತಾವು ಹಸಿರಾಗಬೇಕು, ತಾವು ಹಸಿರಾಗಲು ಬೂದಿ ತೊಳೆಯಬೇಕು. ಯಜಮಾನರು ಕೈಯಲ್ಲಿ ಪೊರಕೆ ಹಿಡಿದು ಮಾಳಿಗೆಯ ಮೇಲೆ ಈ ತತ್ವವನ್ನು ಧ್ಯಾನಿಸುತ್ತ ನಿಂತಿರುವುದನ್ನು ನಾನು ಹಲವು ಬೆಳಿಗ್ಗೆ ಬಸ್ಸಿಗೆ ಓಡುವಾಗ ಕಂಡಿದ್ದೇನೆ.

ಕಂಬದಿಂದ ಬರುವ ಕರೆಂಟು ನಮ್ಮ ಮನೆಗೆ ಇಲ್ಲವೆಂದು ಯಾರೂ ತಿಳಿಯಬಾರದು. ಇದೆ, ಮೊದಲಿನಂತೆಯೇ ಇದೆ, ಗುಂಡಿ ಒತ್ತಿದರೆ ಬರುತ್ತದೆ. ಬಿಸಿಲಿಲ್ಲದ ಹೊತ್ತಿನಲ್ಲಿ ದೀಪಗಳಿಗಷ್ಟೇ ತಮ್ಮ ಬ್ಯಾಟರಿ ಸಾಕಾಗುತ್ತದೆ, ದೊಡ್ಡ ಯಂತ್ರಗಳಿಗೆ ಕಂಬದ ಕರೆಂಟೇ ಬೇಕು. ಆದರೆ ಅದನ್ನು ಮುಟ್ಟಿದರೆ ತಾವು ಕೆಂಪಾಗುತ್ತೀರಿ, ತಾವು ಕೆಂಪಾದರೆ ಯಜಮಾನರ ಮೊಬೈಲಿನಲ್ಲಿ ‘ಸ್ವಾವಲಂಬನೆ’ ಎಂಬ ಅಂಕ ಇಳಿಯುತ್ತದೆ, ಅಂಕ ಇಳಿದರೆ ಅಂಗಡಿಗೆ ಬಂದ ರಾರಾವಿಯ ರೈತರಿಗೆ ಯೂರಿಯಾದ ಜೊತೆಗೆ ತೋರಿಸಲು ಅವರಲ್ಲಿ ಏನೂ ಉಳಿಯುವುದಿಲ್ಲ. ನೂರಕ್ಕೆ ನೂರು ತೆಗೆಯಬೇಕೆಂಬ ಹಟ ಅವರಿಗೆ ಶಾಲೆಯಲ್ಲಿದ್ದಾಗ ಹುಟ್ಟಿದ್ದರೆ ನನ್ನ ಮಾವನವರು ಎಷ್ಟು ಸಂತೋಷಪಡುತ್ತಿದ್ದರೋ ಏನೋ.

ಹೀಗಾಗಿ ತಮ್ಮ ಕೃಪೆಯಿಂದ ನಮ್ಮ ಮನೆಯಲ್ಲಿ ಸಂಸಾರವೆಂಬುದು ನಡುಹಗಲಿನಲ್ಲಿ ಮಾತ್ರ ನಡೆಯುವ ಸಂಗತಿಯಾಗಿದೆ. ಬಟ್ಟೆ ಒಗೆಯುವ ಯಂತ್ರ, ಪಂಪು, ಗ್ರೈಂಡರ್, ಇಸ್ತ್ರಿಪೆಟ್ಟಿಗೆ ಇವೆಲ್ಲ ರೇಷನ್ ಅಂಗಡಿಯ ಮುಂದೆ ನಿಂತಂತೆ ಸರದಿಯಲ್ಲಿ ನಿಂತು ತಮ್ಮ ಕಣ್ಸನ್ನೆಗೆ ಕಾಯುತ್ತವೆ, ಎರಡು ಒಟ್ಟಿಗೆ ಹೊರಟರೆ ತಾವು ಕೀಂಯ್ ಎಂದು ಚೀರುತ್ತೀರಿ. ಬೆಳಿಗ್ಗೆ ಮಿಕ್ಸಿ ನಿಷಿದ್ಧವಾದ್ದರಿಂದ ಚಟ್ನಿಯನ್ನು ಮರೆತು, ಒಮ್ಮೆ ಕುಟ್ಟಿಟ್ಟರೆ ವಾರವೆಲ್ಲ ಬರುವ ಶೇಂಗಾ ಹಿಂಡಿಗೆ ಶರಣಾಗಿದ್ದೇವೆ. ಜೋಳದ ರೊಟ್ಟಿ ತಟ್ಟುವುದಕ್ಕೆ ಮಾತ್ರ ಇನ್ನೂ ತಮ್ಮ ಅಪ್ಪಣೆ ಬೇಕಾಗಿಲ್ಲ, ಇದಕ್ಕಾಗಿ ನನ್ನ ಎರಡೂ ಕೈಗಳು ತಮಗೆ ಋಣಿಯಾಗಿವೆ.

ಆದರೆ ಆ ನಡುಹಗಲಿನಲ್ಲಿ ಯಜಮಾನರು ಅಂಗಡಿಯಲ್ಲಿ, ನಾನು ಹಚ್ಚೊಳ್ಳಿಯಲ್ಲಿ. ಮನೆಯಲ್ಲಿರುವವರು ಅತ್ತೆಯವರಾದ ವೀರಭದ್ರಮ್ಮನವರು ಒಬ್ಬರೇ. ತಮ್ಮ ಸೇವೆಯೆಲ್ಲ ಆ ಹಿರಿಯ ಜೀವದ ಪಾಲಿಗೆ ಬಂತು. ಅಂಗಡಿಯಿಂದ ಮಗ ಫೋನು ಮಾಡಿ, “ಅವ್ವಾ, ಈಗ ಹಸರ ಆಗೇತಿ, ವಾಷಿಂಗ್ ಮಷೀನ್ ಹಚ್ಚು” ಎನ್ನುವುದು, ಅವರು ಮೊಣಕಾಲು ಹಿಡಿದುಕೊಂಡು ಹೋಗಿ ಹಚ್ಚುವುದು, ಅಷ್ಟರಲ್ಲಿ ಮೋಡವೊಂದು ಅಡ್ಡ ಬಂದರೆ, “ಅವ್ವಾ, ಬಂದ್ ಮಾಡು, ಬಂದ್ ಮಾಡು” ಎಂದು ಮತ್ತೆ ಫೋನು ಬರುವುದು. ಒಮ್ಮೆ ಅತ್ತೆಯವರು, “ಇಷ್ಟು ಸಲ ನಿನ್ನ ಅಪ್ಪನೂ ನನ್ನ ಕರದಿರಲಿಲ್ಲಪಾ” ಎಂದದ್ದನ್ನು ತಾವು ಗೋಡೆಯ ಮೇಲಿಂದ ಕೇಳಿಸಿಕೊಂಡಿರಬಹುದು.

ಇಷ್ಟಾದರೂ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ನನ್ನ ದೂರು ಜಳಕದ ಬಗ್ಗೆ.

ಅತ್ತೆಯವರು ನಸುಕಿನಲ್ಲಿ ಎದ್ದು ಜಳಕ ಮಾಡಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮುಗಿಸುವವರೆಗೆ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುವವರಲ್ಲ. ಈ ಮನೆಗೆ ಬಂದಂದಿನಿಂದ ಅವರು ಹೀಗೆಯೇ ಬದುಕಿದ್ದಾರೆ. ನಸುಕಿನಲ್ಲಿ ತಾವು ಹಸಿರಾಗುವುದಿಲ್ಲ. ಗೀಸರ್ ಹಚ್ಚಿದರೆ ಕಡುಗೆಂಪಾಗುತ್ತೀರಿ. ಆದ್ದರಿಂದ ಯಜಮಾನರು ಗೀಸರಿಗೊಂದು ಟೈಮರ್ ಜೋಡಿಸಿ, ಬಿಸಿಲು ಬಲಿಯುವವರೆಗೆ ಅದು ಕಣ್ಣು ತೆರೆಯದಂತೆ ಮಾಡಿದರು. ಗಂಡ ಹೆಂಡತಿ ನಾವಿಬ್ಬರೂ ಕಾಲಕ್ಕೆ ತಕ್ಕಂತೆ ಒಗ್ಗಿಕೊಂಡವರು, ಸಂಜೆ ಕೆಲಸದಿಂದ ಬಂದು ಉಳಿದ ಬಿಸಿನೀರಿನಲ್ಲಿ ಮೈ ತೊಳೆದುಕೊಂಡರೆ ನಡೆಯುತ್ತದೆ. “ಅವ್ವಾ, ನಿನ್ನ ಜಳಕ ಸ್ವಲ್ಪ ಮುಂದಕ್ಕ ಹಾಕಂತೀಯೇನು?” ಎಂದು ಮಗ ಕೇಳಿದರು. “ಆತಪಾ, ನಿನ್ನ ಡಬ್ಬಿ ಹೆಂಗ ಹೇಳ್ತೈತೋ ಹಂಗ” ಎಂದು ತಾಯಿ ಹೇಳಿದರು. ಅದನ್ನು ಒಪ್ಪಿಗೆಯೆಂದು ತಿಳಿಯಲು ಗಂಡುಮಗನೇ ಆಗಿರಬೇಕು.

ಗ್ಯಾಸಿನ ಮೇಲೆ ನೀರು ಕಾಯಿಸಿ ಕೊಡುತ್ತೇನೆಂದರೆ, “ಅಡಿಗಿ ಗ್ಯಾಸು ಜಳಕಕ್ಕ ಯಾಕ” ಎಂದು ಅವರು ಒಪ್ಪಲಿಲ್ಲ. ಮೊದಮೊದಲು ಖಾಲಿ ಹೊಟ್ಟೆಯಲ್ಲೇ ಕಾದರಂತೆ. ಸಕ್ಕರೆ ಕಾಯಿಲೆಯ ಗುಳಿಗೆಯೂ ಕಾಯಿತು. ಆಮೇಲೆ ಆಂಧ್ರದ ಕಡೆಯಿಂದ ಚಂಡಮಾರುತದ ಮೋಡ ಬಂದು ನಮ್ಮ ಊರಿನ ಮೇಲೆ ಬೀಡುಬಿಟ್ಟಾಗ ತಾವು ದಿನವಿಡೀ ಮಂಕು ಬಡಿದು ಕುಳಿತಿರಿ. ಅದೇ ವಾರ ಒಂದು ದಿನ ನಸುಕಿನಲ್ಲಿ ಯಜಮಾನರು ಹಿಗ್ಗಿ ಮೊಬೈಲು ತಂದು ನನ್ನ ಮುಖಕ್ಕೆ ಹಿಡಿದರು. “ನೋಡು, ಇಂಥಾ ಮೋಡದಾಗೂ ಮುಂಜಾನೆ ಕಂಬದ ಕರೆಂಟು ಸೊನ್ನಿ!” ಹೌದು, ಸೊನ್ನೆಯೇ ಇತ್ತು. ಹಿತ್ತಲಿಗೆ ಬಂದು ನೋಡಿದರೆ, ಇನ್ನೂ ಬೆಳಕು ಹರಿಯದ ಆ ಹೊತ್ತಿಗೆ ತಂತಿಯ ಮೇಲೆ ಅತ್ತೆಯವರ ಒದ್ದೆ ಸೀರೆ ತೊಟ್ಟಿಕ್ಕುತ್ತಿತ್ತು. ಒಳಗೆ ಅವರು ಹಣೆಯ ತುಂಬ ವಿಭೂತಿ ಇಟ್ಟುಕೊಂಡು, ಅಂಗೈಯ ಲಿಂಗ ಅಲುಗದಂತೆ ಇನ್ನೊಂದು ಕೈಯಿಂದ ಹಿಡಿದುಕೊಂಡು, ಗಡಗಡ ನಡುಗುತ್ತ ಕುಳಿತಿದ್ದರು. ತಮ್ಮ ಆ ಸೊನ್ನೆಯನ್ನು ಒಬ್ಬ ಮುದುಕಿ ದಿನಾ ನಲ್ಲಿಯ ತಣ್ಣೀರು ಸುರಿದುಕೊಂಡು ಸಂಪಾದಿಸಿ ಕೊಟ್ಟಿದ್ದರು, ಮಾನ್ಯರೇ.

ಆಮೇಲೆ ಆಗಬೇಕಾದದ್ದು ಆಯಿತು. ಕಫ ಕಟ್ಟಿ, ಎದೆ ಗೊರಗೊರ ಎಂದು, ಬಳ್ಳಾರಿಯ ಡಾಕ್ಟರರಿಗೆ ತೋರಿಸಿ, ಮುಂಜಾನೆ ಸಂಜೆ ಹಬೆ ಕೊಡಿ ಎಂದು ಅವರು ಹೇಳಿ, ಕರೆಂಟಿನ ಹಬೆಯಂತ್ರ ತಂದದ್ದಾಯಿತು. ಮರುದಿನ ಬೆಳಿಗ್ಗೆ ಅತ್ತೆಯವರು ಮಂಚದ ಅಂಚಿನಲ್ಲಿ ಕುಳಿತು ಕೆಮ್ಮುತ್ತಿದ್ದರು, ಮಗ ಯಂತ್ರದ ಪ್ಲಗ್ಗು ಹಿಡಿದು ಗೋಡೆಯ ಬಳಿ ಹೋದರು. ಹೋದವರು ಹಿತ್ತಲ ಬಾಗಿಲ ಕಡೆಗೆ ಕತ್ತು ಚಾಚಿ, “ತಡಿ, ಇನ್ನೂ ಹಸರ ಆಗಿಲ್ಲ” ಎಂದುಬಿಟ್ಟರು.

ಅಂದದ್ದು ಬೇಕಂತಲೇ ಅಲ್ಲ. ಅಭ್ಯಾಸಬಲ, ಬಾಯಿಗೆ ತಾನಾಗಿ ಬಂತು. ಮರುಗಳಿಗೆಯೇ ಪ್ಲಗ್ಗು ಚುಚ್ಚಿದರು, ಹಬೆಯೂ ಬಂತು. ಆದರೆ ಅತ್ತೆಯವರು ಆ ಮಾತು ಕೇಳಿದ್ದರು. ಕೆಮ್ಮು ಸ್ವಲ್ಪ ಇಳಿದ ಮೇಲೆ ಎರಡು ಸೀರೆ, ಒಂದು ವಿಭೂತಿ ಗಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಕುರುಗೋಡಿನ ಮಗಳ ಮನೆಗೆ ಹೊರಟರು. ಅಲ್ಲಿ ಅವರ ಹಂಡೆ ಇದೆ, ಶಾಂಭವಿ ನಸುಕಿನಲ್ಲಿ ಎರಡು ಕಟ್ಟಿಗೆ ಇಟ್ಟು ಊದಿದರೆ ನೀರು ಕಾಯುತ್ತದೆ. “ಅವ್ವಾ, ಯಾವಾಗ ಬರ್ತೀ?” ಎಂದು ಮಗ ದಿನಾ ಫೋನು ಮಾಡುತ್ತಾರೆ. “ನಿನ್ನ ಡಬ್ಬೀನ ಕೇಳಿ ಹೇಳು” ಎಂದು ತಾಯಿ ಇಟ್ಟುಬಿಡುತ್ತಾರೆ. ಮನೆ ಬಿಕೋ ಎನ್ನುತ್ತಿದೆ, ನನಗೆ ತಮ್ಮ ಮೇಲೂ ಯಜಮಾನರ ಮೇಲೂ ಒಂದೇ ಸಮ ಸಿಟ್ಟಿದೆ. ಅವರ ಅಂಕ ಮಾತ್ರ ನೂರಕ್ಕೆ ನೂರರಲ್ಲಿ ಹಾಯಾಗಿದೆ, ಏಕೆಂದರೆ ನಡುಹಗಲಿನಲ್ಲಿ ಏನನ್ನಾದರೂ ಹಚ್ಚಲು ಈಗ ಮನೆಯಲ್ಲಿ ಯಾರೂ ಇಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳಿಷ್ಟು. ತಾವು ದೊಡ್ಡ ಮನಸ್ಸು ಮಾಡಿ, ಚಳಿಗಾಲ ಮುಗಿಯುವವರೆಗಾದರೂ ನಮ್ಮ ಮಾಳಿಗೆಯ ಮೇಲಷ್ಟೇ ಸೂರ್ಯ ನಸುಕಿನಲ್ಲಿ ಹುಟ್ಟುವಂತೆ ಮೇಲಿನವರಿಗೆ ಶಿಫಾರಸು ಮಾಡಬೇಕು. ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲವಾದರೆ ಮುದುಕಿಯರ ಕಫ, ನಡುಕ, ಹಸಿವುಗಳಿಗೂ ಒಂದೊಂದು ಟೈಮರ್ ಜೋಡಿಸಿ ಬಿಸಿಲು ಬಲಿತ ಮೇಲೆ ಮಾತ್ರ ಅವು ಏಳುವಂತೆ ಏರ್ಪಾಡು ಮಾಡಬೇಕು. ಇವೆರಡೂ ಕಷ್ಟವೆನಿಸಿದರೆ ತಾವೇ ಗೋಡೆಯಿಂದಿಳಿದು, ಕುರುಗೋಡಿನ ಬಸ್ಸು ಹತ್ತಿ, ಅತ್ತೆಯವರ ಮುಂದೆ ಹಸಿರಾಗಿ ನಿಂತು, “ತಪ್ಪಾತ್ರಿ ಯವ್ವಾ, ಮನಿಗೆ ಬರ್ರಿ” ಎಂದು ಕರೆದುಕೊಂಡು ಬರಬೇಕು. ಈ ಮಾತನ್ನು ಹೇಳಬೇಕಾದ ಇನ್ನೊಬ್ಬರು ಇದ್ದಾರೆ. ಅವರು ತಮ್ಮ ಅಪ್ಪಣೆಗೆ ಕಾಯುತ್ತಿರುವಂತೆ ಕಾಣುತ್ತದೆ.

ತಮ್ಮ ಹಸಿರಿಗಾಗಿ ಕಾದು ಕಾದು ತಣ್ಣಗಾಗಿರುವ
ತಮ್ಮ ವಿಶ್ವಾಸಿ,
ಸುನಂದಾ ಚನ್ನಬಸವರಾಜ

ವಿ.ಸೂ.: ಪತ್ರವನ್ನು ಮುಗಿಸಿ ತಮ್ಮ ಪಕ್ಕದಲ್ಲೇ ಅಂಟಿಸಲು ಬಂದಾಗ ಯಜಮಾನರು ಅಲ್ಲಿ ನಿಂತಿದ್ದರು. ಎಲ್ಲವನ್ನೂ ಓದಿದರು. ಹೊರಗೆ ಹೋಗಿ ಅಕ್ಕನಿಗೆ ಫೋನು ಹಚ್ಚಿ, “ಅವ್ವನ ಕೈಯಾಗ ಕೊಡು” ಎಂದು, ನಾನು ಮೇಲೆ ಬರೆದ ‘ತಪ್ಪಾತು, ಮನಿಗೆ ಬಾ’ ಎಂಬ ಮಾತನ್ನು ತಮ್ಮ ಪರವಾಗಿ ಅಲ್ಲ, ಅವರದೇ ಪರವಾಗಿ ಹೇಳಿದರು. “ಹಂಡೆ ಬಂದ್ರ ನಾನೂ ಬರ್ತೀನಿ” ಎಂದು ಉತ್ತರ ಬಂದಿದೆ. ಗೌಂಡಿ ದುರ್ಗೇಶ್ ನಾಳೆ ಬಂದು ತಮ್ಮನ್ನು ಪಡಸಾಲೆಯ ಗೋಡೆಗೆ ವರ್ಗ ಮಾಡಿ, ಈ ಜಾಗದಲ್ಲಿ ಮತ್ತೆ ನೀರೊಲೆ ಕಟ್ಟುತ್ತಾನೆ. ನಸುಕಿನಲ್ಲಿ ಎದ್ದು ಒಲೆ ಹಚ್ಚುವ ಕೆಲಸವನ್ನು ತಮ್ಮ ಪರಮಶಿಷ್ಯರೇ ವಹಿಸಿಕೊಂಡಿದ್ದಾರೆ. ತಾವು ಅವಸರ ಮಾಡಬೇಡಿ, ನಿಧಾನವಾಗಿ ಏಳಿ. ತಾವು ಹಸಿರಾಗುವ ಹೊತ್ತಿಗೆ ಅತ್ತೆಯವರ ಜಳಕ, ಪೂಜೆ, ನಾಷ್ಟಾ ಎಲ್ಲ ಮುಗಿದಿರುತ್ತದೆ.