ಎದುರುಮನೆಯ ಶುಕ್ರವಾರದ ದೀಪ

ನಾನು ಹುಟ್ಟಿನಿಂದ ಜೈನ. ಉಳಿದದ್ದನ್ನೆಲ್ಲ ನನ್ನ ಹೆಂಡತಿ ಸುಮತಿ ನೋಡಿಕೊಳ್ಳುತ್ತಾಳೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕೆಂಬ ನಿಯಮವನ್ನು ಅವಳು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಾಳೆಂದರೆ, ಸೂರ್ಯ ಹೋದಮೇಲೆ ನಮ್ಮ ಅಡುಗೆಮನೆಯಲ್ಲಿ ನೀರಿನ ಲೋಟವೂ ಸಿಗುವುದಿಲ್ಲ. ನಾನೂ ಅವಳ ಜೊತೆ ಶಿಸ್ತಾಗಿ ಉಂಡು, ಕೈತೊಳೆದು, 'ಅಡ್ಡಾಡಿ ಬರ್ತೀನಿ' ಎಂದು ಹೊರಟು, ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಗಾಡಿಯಲ್ಲಿ ಕಾಂದಾಭಜಿ ತಿಂದು ಬರುತ್ತೇನೆ. ರಾತ್ರಿ ತಿನ್ನುವುದು ಒಂದು ತಪ್ಪು, ಉಳ್ಳಾಗಡ್ಡಿ ಇನ್ನೊಂದು. ಎರಡನ್ನೂ ಒಂದೇ ಪೊಟ್ಟಣದಲ್ಲಿ ಮುಗಿಸುತ್ತೇನೆ.

ಆ ಗಾಡಿಯ ಹತ್ತಿರ ನನ್ನ ಜೊತೆಗಾರರು ಎದುರುಮನೆಯ ಡೇವಿಡ್ ಸರ್. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಬ್ರಹ್ಮಚಾರಿ. ಅವರ ಹಿರಿಯರು ಕೊಂಕಣದಿಂದ ಬಂದ ಯಹೂದಿಗಳು; ಮನೆಮಾತು ಮರಾಠಿ, ಬಯ್ಯುವುದು ಮಾತ್ರ ಕನ್ನಡದಲ್ಲಿ. ಯಾರಾದರೂ ಜಾತಿ ಕೇಳಿದರೆ 'ಯಹೂದಿ' ಎನ್ನುತ್ತಾರೆ. 'ಅಂದ್ರ ಕ್ರಿಶ್ಚನ್‌ದಾಗ ಯಾವ ಪೈಕಿರಿ?' ಎಂಬುದು ಎರಡನೆಯ ಪ್ರಶ್ನೆ. ಮೊದಮೊದಲು ತಿದ್ದುತ್ತಿದ್ದರಂತೆ. ಈಗ ಡಿಸೆಂಬರಿನಲ್ಲಿ ಕೇಕು ತಂದುಕೊಟ್ಟರೆ ಸುಮ್ಮನೆ ತಿಂದುಬಿಡುತ್ತಾರೆ. ಅವರಿಗೆ ಇಲ್ಲಿ ಗುಡಿಯಿಲ್ಲ, ಪ್ರಾರ್ಥನೆ ಬಾರದು. ಶನಿವಾರ ಕೆಲಸ ಮಾಡಬಾರದೆಂದಿದ್ದರೂ ಶಾಲೆಗೆ ಹೋಗುತ್ತಾರೆ. ದೇವರ ಮಾತೆತ್ತಿದರೆ 'ಅದೆಲ್ಲ ಬಿಡ್ರಿ' ಎನ್ನುತ್ತಾರೆ. ಆದರೆ ಪ್ರತಿ ಶುಕ್ರವಾರ ಹೊತ್ತು ಮುಳುಗುವ ಮುಂಚೆ ಗಾಜಿನ ಲೋಟಕ್ಕೆ ನೀರು, ಅದರ ಮೇಲೆ ಎಣ್ಣೆ ಹಾಕಿ, ಬತ್ತಿಯಿಟ್ಟು ದೀಪ ಹಚ್ಚುತ್ತಾರೆ. ಮೊದಲು ತಾಯಿ ಹಚ್ಚುತ್ತಿದ್ದರು. ಅವರು ತೀರಿಕೊಂಡಮೇಲೆ ಇವರು ಒಂದು ವಾರವೂ ತಪ್ಪಿಸಿಲ್ಲ. ಕಿಟಕಿಯಲ್ಲಿ ಅದು ಕಂಡಿತೋ, ಸುಮತಿ ನನ್ನ ತಟ್ಟೆ ಎಳೆದುಕೊಳ್ಳುತ್ತಾಳೆ. 'ಸರ್ ದೀಪಾ ಹಚ್ಚಿದ್ರು, ಏಳ್ರಿ ಇನ್ನ.'

ಒಮ್ಮೆ ಭಜಿ ಮೆಲ್ಲುತ್ತ ಚೇಷ್ಟೆ ಮಾಡಿದೆ: 'ದೇವರಿಲ್ಲ, ಪ್ರಾರ್ಥನಾ ಇಲ್ಲ. ನೀವೆಂಥ ಯಹೂದಿರಿ ಸರ್?'

'ನೀವೆಂಥ ಜೈನರ್ರಿ ಪಾಟೀಲ್ರ?' ಎಂದು ನನ್ನ ಪೊಟ್ಟಣ ನೋಡಿದರು. ನಾನು ನಕ್ಕೆ. ಅವರು ನಗಲಿಲ್ಲ. 'ನೀವು ಬಿಟ್ರ ನಡೀತೈತ್ರಿ. ಮನ್ಯಾಗ ಅಕ್ಕಾರು ಅದಾರ, ಓಣಿ ತುಂಬ ನಿಮ್ಮವ್ರ ಅದಾರ. ನಾ ಒಬ್ಬನ ಅದೀನಿ. ನಾ ಬಿಟ್ರ ಇಲ್ಲಿ ಯಹೂದಿ ಅನ್ನೂದ ಮುಗೀತು. ನಂಬಿಕಿ ಇರ್ಲಿ ಬಿಡ್ಲಿ, ಅವ್ವ ಹೋಗೂ ಮುಂದ ಅದೊಂದ ಕೇಳ್ಯಾಳ.'

ಅವತ್ತು ನನಗೆ ಮುಂದೆ ಭಜಿ ಸೇರಲಿಲ್ಲ. ಸುಮ್ಮನೆ ಕೇಳಬಾರದ್ದನ್ನು ಕೇಳಿದೆನಲ್ಲ ಎಂದು ಬೇಜಾರಾಯಿತು.

ಹೋದ ಮಳೆಗಾಲದ ಒಂದು ಶುಕ್ರವಾರ ಸರ್ ಸ್ಕೂಟರಿನಿಂದ ಜಾರಿಬಿದ್ದು ಕಾಲು ಮುರಿದುಕೊಂಡರು. ಸಂಜೆ ಚಿಕ್ಕೋಡಿಯ ದವಾಖಾನೆಯಿಂದ ಅವರದೇ ಫೋನು. 'ಪಾಟೀಲ್ರ, ನಮ್ಮನಿ ಕೀಲಿ ನಿಮ್ಮ ಹಂತೇಕ ಐತೆಲ್ಲ. ದೀಪಾ ಹಚ್ಚತೀರೇನ್ರಿ?' ಕಾಲಿನ ಮಾತೇ ಇಲ್ಲ!

'ನಾ ಹಚ್ಚಿದ್ರ ನಡೀತೈತೇನ್ರಿ? ನಾ ನಿಮ್ಮವ ಅಲ್ಲ.'

'ಗೊತ್ತಿಲ್ರಿ. ಕೇಳಾಕ ಇಲ್ಲಿ ನನಗ ಯಾರ ಅದಾರ?'

ಸುಮತಿ ಆಗಷ್ಟೇ ರೊಟ್ಟಿ ಬಡಿಸಿದ್ದಳು. ಹೊತ್ತು ಮುಳುಗಲು ಸ್ವಲ್ಪವೇ ಉಳಿದಿತ್ತು. ಉಂಡರೆ ದೀಪವಿಲ್ಲ, ಹಚ್ಚಿದರೆ ಊಟವಿಲ್ಲ. ತಟ್ಟೆ ಬಿಟ್ಟು ಓಡಿದೆ. ಬತ್ತಿ ಮೊದಲು ನೀರಿನಲ್ಲಿ ಮುಳುಗಿತು. ಬೇರೆ ಬತ್ತಿ ಹೊಸೆದೆ. ಒದ್ದೆ ಕೈಗೆ ಬೆಂಕಿಕಡ್ಡಿಗಳು ಮೆತ್ತಗಾದವು. ಕೊನೆಗೂ ಹತ್ತಿಕೊಂಡಾಗ ಕಿಟಕಿಯಾಚೆ ಇನ್ನೂ ತುಸು ಬೆಳಕಿತ್ತು. ಗೋಡೆಯ ಮೇಲಿನ ಅವರ ತಾಯಿಯ ಫೋಟೋದ ಮುಂದೆ ಏನು ಹೇಳಬೇಕೋ ತಿಳಿಯಲಿಲ್ಲ. ಬರುವುದು ಅದೊಂದೇ ಆದ್ದರಿಂದ ನಮ್ಮ ಜೈನರ ಣಮೋಕಾರ ಮಂತ್ರ ಹೇಳಿ ಕೈಮುಗಿದೆ. ಫೋನು ಮಾಡಿ 'ಹತ್ತೇತ್ರಿ ಸರ್' ಅಂದೆ. ಆ ಕಡೆ ಸರ್ ಅಳುತ್ತಿದ್ದರು.

ಮನೆಗೆ ಬಂದರೆ ನನ್ನ ತಟ್ಟೆ ತೊಳೆದು ಡಬ್ಬು ಹಾಕಿತ್ತು. 'ದೀಪಾ ಕಾಣಿಸ್ತು, ಎತ್ತಿಟ್ನಿ' ಅಂದಳು ಸುಮತಿ. ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ಕಟ್ಟೆಯ ಮೇಲೆ ಕೂತು, ಎದುರಿನ ಕಿಟಕಿಯನ್ನು ನೋಡುತ್ತಿದ್ದೆ. ಕೀಲಿ ಕಿಸೆಯಲ್ಲಿತ್ತು, ಅದನ್ನಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಲು ಮನಸ್ಸಾಗಲಿಲ್ಲ.

'ಅಡ್ಡಾಡಾಕ ಹೋಗಲಿಲ್ಲೇನ್ರಿ?' ಎಂದಳು ಸುಮತಿ ಬಾಗಿಲಲ್ಲಿ ನಿಂತು. 'ಇಲ್ಲ' ಅಂದೆ. 'ಯಾಕ, ಭಜಿ ಗಾಡಿ ಬಂದಿಲ್ಲೇನು?'

ಹುಟ್ಟಿನಿಂದ ಜೈನನಾಗಿದ್ದ ನಾನು ಆ ಒಂದು ರಾತ್ರಿ ನಿಜವಾಗಿಯೂ ಜೈನನಾಗಿದ್ದೆ. ಅದಕ್ಕೂ ಒಬ್ಬ ಯಹೂದಿಯ ಕಾಲು ಮುರಿಯಬೇಕಾಯಿತು.