ಹುಣಸೆದೊಡ್ಡಿಯ ಡಾಕ್ಟ್ರಪ್ಪ

ಎಲ್ಲಾ ಆಗಿದ್ದು ಒಂದು ಬಿಳಿ ಕೋಟಿನಿಂದ. ತಮಿಳುನಾಡಿನ ಗಡಿಯ ಹೊಸೂರಿನಲ್ಲಿ ನರ್ಸಿಂಗ್ ಶಾಲೆಗೆ ಸೇರಿದ ತಿಮ್ಮರಾಜು ಮೊದಲ ರಜೆಗೆ ಊರಿಗೆ ಬಂದವನು ಅದನ್ನು ಒಗೆದು ಹಿತ್ತಿಲ ತಂತಿಗೆ ಹಾಕಿದ್ದ. ನೀರಿಗೆ ಹೊರಟಿದ್ದ ಹೆಂಗಸೊಬ್ಬಳು, "ಯಾರ್ದು ಅಂಜಮ್ಮಕ್ಕ, ಡಾಕ್ಟ್ರು ಕೋಟು?" ಎಂದಳು. "ನಮ್ ತಿಮ್ಮಂದು ಕಣಮ್ಮಿ," ಎಂದಳು ಅವನ ತಾಯಿ. ಅಷ್ಟೇ. ದೀಪ ಹಚ್ಚುವ ಹೊತ್ತಿಗೆ ತಿಮ್ಮರಾಜು ಡಾಕ್ಟರಿಕೆ ಓದುತ್ತಿದ್ದಾನೆಂದು ಹುಣಸೆದೊಡ್ಡಿಗೆಲ್ಲ ಗೊತ್ತಾಗಿಹೋಗಿತ್ತು.

"ಅಲ್ಲ, ನಾನು ಓದ್ತಿರೋದು ನರ್ಸ್ ಕೆಲಸಕ್ಕೆ" ಎಂದು ಬಾಯಿಬಿಡಬೇಕಿತ್ತು ಪುಣ್ಯಾತ್ಮ. ಆದರೆ ಅವ್ವನ ಮುಖ ನೋಡಿದ. ಅಪ್ಪ ಹೋದಮೇಲೆ ಆ ಮುಖ ಅಷ್ಟು ಅರಳಿದ್ದನ್ನು ಅವನು ಕಂಡೇ ಇರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ಆ ನಾಳೆಗೆ ಈಗ ಎರಡು ವರ್ಷವಾಗಿತ್ತು. ನಿಜ ಹೊರಬಿದ್ದರೆ ಅವ್ವ ಊರಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ ಎಂಬುದೊಂದೇ ಅವನ ಕೊರಗು.

ಶಾಲೆಯ ನರ್ಸಿಂಗ್ ವಿದ್ಯಾರ್ಥಿ ಸಂಘಕ್ಕೆ ತಿಮ್ಮರಾಜುವೇ ಕಾರ್ಯದರ್ಶಿ. ಚುನಾವಣೆಗೆ ನಿಂತು ಗೆದ್ದವನೇನಲ್ಲ. ಅಷ್ಟು ಹುಡುಗಿಯರ ನಡುವೆ ಅವನೊಬ್ಬನೇ ಗಂಡು. ಬೆಂಚು ಹೊರುವುದಕ್ಕೆ, ಏಣಿ ಹತ್ತುವುದಕ್ಕೆ, ಬಲೂನು ಊದುವುದಕ್ಕೆ ಯಾರಾದರೂ ಬೇಕಲ್ಲ, ಅವನಿಗೆ ಕಾರ್ಯದರ್ಶಿ ಎಂದು ಹೆಸರಿಟ್ಟಿದ್ದರು. ಆ ವರ್ಷ ಸಂಘದಿಂದ ಯಾವುದಾದರೂ ಹಳ್ಳಿಯಲ್ಲಿ ಆರೋಗ್ಯ ಶಿಬಿರ ಮಾಡಬೇಕೆಂದಾಯಿತು. ಸಂಘದ ಅಧ್ಯಕ್ಷೆ ಮೂಕಂಡಪಲ್ಲಿಯ ಕೋಮಲಾ, "ನಿಮ್ಮೂರಲ್ಲೇ ಮಾಡೋಣ ಕಣೋ," ಎಂದಳು.

"ನಮ್ಮೂರಲ್ಲಾ? ಅಲ್ಲಿ ಯಾರ್ಗೂ ಕಾಯ್ಲೇನೇ ಇಲ್ಲ!"

"ಕಾಯಿಲೆ ಇಲ್ಲದ ಊರು ಯಾವುದೋ ಅದು, ದೇವಲೋಕವಾ?"

ಅವನು ಹಟ ಹಿಡಿದು ಅಂಚೆಟ್ಟಿಯಿಂದಾಚೆಯ ಒಂದು ಹಳ್ಳಿಯನ್ನು ಗೊತ್ತುಮಾಡಿಸಿದ. ಭಾನುವಾರ ಬೆಳಿಗ್ಗೆ ವ್ಯಾನು ಹೊರಟಿತು. ಡೆಂಕಣಿಕೋಟೆ ದಾಟಿತು. ದೂರದಲ್ಲಿ ತನ್ನೂರಿನ ಹುಣಸೆಮರ ಕಂಡಾಗ ತಿಮ್ಮರಾಜು ಸೀಟಿನ ಕೆಳಗೆ ಚಪ್ಪಲಿ ಹುಡುಕುವವನಂತೆ ಬಗ್ಗಿದ. ಊರು ಹಿಂದಾದಮೇಲೆ ಎದ್ದು ಕೂತು ನಿಟ್ಟುಸಿರು ಬಿಟ್ಟ. ಆ ಉಸಿರು ಮುಗಿದಿರಲಿಲ್ಲ, ಫಾರೆಸ್ಟ್ ಗಾರ್ಡು ಕೈ ಅಡ್ಡ ಹಿಡಿದ.

"ಮುಂದೆ ರಸ್ತೇಲಿ ಆನೆ ಹಿಂಡು ನಿಂತೈತೆ. ಮರಿ ಬೇರೆ ಅವೆ. ತಿರುಗ್ಸಿ, ತಿರುಗ್ಸಿ!"

ಜೊತೆಗೆ ಬಂದಿದ್ದ, ಶಾಲೆಯಲ್ಲಿ ಪಾಠ ಹೇಳುವ ಚಂದ್ರಲೇಖಾ ಮೇಡಂ ಸೇಲಂ ಕಡೆಯವರು, ಕನ್ನಡ ಬಾರದು. ತಂದ ಔಷಧಿ, ಬಿಸ್ಕತ್ತು ಎಲ್ಲ ಏನು ಮಾಡುವುದೆಂದು ತಮಿಳಿನಲ್ಲೇ ಪೇಚಾಡಿದರು. ಕೋಮಲಾ ಹಲ್ಲುಕಿರಿದು, "ಮೇಡಂ, ಈಗ ದಾಟಿ ಬಂದ್ವಲ್ಲ, ಅದೇ ನಮ್ಮ ಸೆಕ್ರೆಟರಿ ಊರು," ಎಂದು ಅವರದೇ ಭಾಷೆಯಲ್ಲಿ ತಿಳಿಸಿದಳು. ವ್ಯಾನು ತಿರುಗಿತು. ತಿಮ್ಮರಾಜು ಮತ್ತೆ ಸೀಟಿನ ಕೆಳಗೆ ಚಪ್ಪಲಿ ಹುಡುಕತೊಡಗಿದ.

ಊರಿಗೆ ಕಾಲಿಟ್ಟ ಕೂಡಲೇ ಅವನು ಬ್ಯಾನರು ಕಸಿದುಕೊಂಡು ಮರ ಹತ್ತಿದ. ಅದರ ಎಡತುದಿಯನ್ನು ಕೊಂಬೆಗೆ ಸುತ್ತಿ ಸುತ್ತಿ ಕಟ್ಟಿದ. 'ನರ್ಸಿಂಗ್' ಎಂಬುದು ಕೊಂಬೆಯ ಪಾಲಾಗಿ, 'ವಿದ್ಯಾರ್ಥಿ ಸಂಘ' ಮಾತ್ರ ಉಳಿಯಿತು. ಇಳಿಯುವಷ್ಟರಲ್ಲಿ ಊರೇ ನೆರೆದಿತ್ತು.

"ಡಾಕ್ಟ್ರಪ್ಪ ಬಂದವ್ನೆ! ಏಯ್, ಡಾಕ್ಟ್ರಪ್ಪಂಗೆ ದಾರಿ ಬುಡ್ರೋ!"

"ಯಾರನ್ನೋ ಡಾಕ್ಟ್ರು ಅಂತಿರೋದು?" ಎಂದಳು ಕೋಮಲಾ.

"ನಮ್ ಕಡೆ ಬಿಳೀ ಬಟ್ಟೆ ಹಾಕ್ದೋರ್ನೆಲ್ಲ ಹಂಗೇ ಅಂತಾರೆ," ಎಂದ ಅವನು, ಕರ್ಚೀಫು ಹಿಂಡುತ್ತ.

"ಹಾಗಾದ್ರೆ ನನ್ನನ್ಯಾಕೆ ಅನ್ನಲಿಲ್ಲ?"

ಅವನು ಬೆಂಚು ಎಳೆಯುವ ನೆಪದಲ್ಲಿ ಅತ್ತ ಸರಿದ. ಅಷ್ಟರಲ್ಲಿ ಅಂಜಮ್ಮ ಹೊಸ ಸೀರೆಯುಟ್ಟು ಬಂದು ಮುಂದಿನ ಕುರ್ಚಿಯಲ್ಲಿ ಕೂತಳು. ಮೇಡಂ ತಮಿಳಿನಲ್ಲಿ ಭಾಷಣ ಶುರುಮಾಡಿ, ಕನ್ನಡಕ್ಕೆ ತಿರುಗಿಸಲು ಅವನನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಈ ನರ್ಸಿಂಗ್ ವಿದ್ಯಾರ್ಥಿಗಳು ನಿಮ್ಮ ಸೇವೆಗೆ ಬಂದಿದ್ದಾರೆ ಎಂದರು ಮೇಡಂ. "ಈ ಮಕ್ಳು ನಿಮ್ ಸೇವೆಗೆ ಬಂದವ್ರೆ," ಎಂದ ತಿಮ್ಮರಾಜು. ನರ್ಸಿಂಗ್ ಎಂದರೇ ಸೇವೆ ಎಂದರು ಮೇಡಂ. "ಸೇವೆ ಅಂದ್ರೇನೇ ಸೇವೆ," ಎಂದ ಇವನು. ಹೊಸೂರು ಮಾರುಕಟ್ಟೆಯಲ್ಲಿ ದಿನಬೆಳಗಾದರೆ ತಮಿಳಿನಲ್ಲೇ ತರಕಾರಿ ಮಾರುವ ಜನ, ಒಬ್ಬರೂ ತುಟಿಪಿಟಕ್ಕೆನ್ನದೆ ತಲೆಯಾಡಿಸಿದರು. ಅದನ್ನು ಗಮನಿಸುವಷ್ಟು ಬುದ್ಧಿ ಆ ಹೊತ್ತಿನಲ್ಲಿ ಅವನಿಗೆಲ್ಲಿತ್ತು!

ಬಿ.ಪಿ. ನೋಡುವ ಸಾಲಿನಲ್ಲಿ ಮುದುಕ ಸೊಣ್ಣಪ್ಪ ಕುಂಟುತ್ತ ಬಂದ. ಕಾಲಿನ ಹುಣ್ಣು ಕೀವು ತುಂಬಿ ನಾರುತ್ತಿತ್ತು. ಹಿಂದಿದ್ದವರು ಸೆರಗು ಮೂಗಿಗೆ ಹಿಡಿದರು. ಹುಣ್ಣು ತೊಳೆಯುವುದು ಡಾಕ್ಟರ ಕೆಲಸವಲ್ಲ, ಮುಟ್ಟಿದರೆ ತನ್ನ ಡಾಕ್ಟರಿಕೆ ಏನಾದೀತೋ ಎಂದು ತಿಮ್ಮರಾಜು ಒಂದು ಗಳಿಗೆ ಹಿಂಜರಿದ. ಆಮೇಲೆ ಅದೆಲ್ಲ ಮರೆತೇಹೋಯಿತು. ನೆಲಕ್ಕೆ ಮಂಡಿಯೂರಿ, ಮುದುಕನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಹುಣ್ಣನ್ನು ಮೆಲ್ಲಗೆ ತೊಳೆಯತೊಡಗಿದ. ಎರಡು ವರ್ಷ ಕಲಿತದ್ದೆಲ್ಲ ಕೈಗೆ ತಾನಾಗಿ ಬಂತು. ಆ ದಿನ ಅವನ ಎದೆಬಡಿತ ನೆಟ್ಟಗಾದದ್ದು ಆಗಲೇ.

ಪಟ್ಟಿ ಕಟ್ಟಿ ಮುಗಿಸುವಾಗ ಸೊಣ್ಣಪ್ಪ ಅವನ ಕಿವಿಯ ಹತ್ತಿರ ಬಗ್ಗಿದ.

"ಬೋ ಚೆನ್ನಾಗಿ ಕಲ್ತಿದ್ದೀಯ ಕಣ್ಲಾ ನರ್ಸ್ ಕೆಲಸವ."

ತಿಮ್ಮರಾಜು ಕತ್ತರಿ ಕೆಳಗಿಟ್ಟ. "ತಾತ..."

"ಹೋದೊರ್ಸ ಕೃಷ್ಣಗಿರಿ ಆಸ್ಪತ್ರೇಲಿ ನಾನು ಮಲಗಿದ್ನಲ್ಲ. ಎದುರು ವಾರ್ಡ್ನಾಗೆ ಟ್ರೈನಿಂಗ್ಗೆ ಬಂದಿದ್ದ ನೀನು ರೋಗಿಗಳ ಮಲದ ಪಾತ್ರೆ ಹೊತ್ಕೊಂಡ್ ಓಡಾಡ್ತಿದ್ದೆ. ಬಂದೇಟ್ಗೆ ಊರಿಗೆಲ್ಲ ಯೋಳ್ಬುಟ್ಟೆ. ನಿಮ್ಮವ್ವಂಗೊಂದ್ ಬಿಟ್ಟು ಎಲ್ಲಾರ್ಗೂ ಗೊತ್ತು."

"ಮತ್ತೆ ಡಾಕ್ಟ್ರಪ್ಪ ಅಂತೀರಲ್ಲ?"

"ನಿಮ್ಮವ್ವನ ಮಕ ನೋಡಿ ಕಣಪ್ಪ. ಗಂಡ ಇಲ್ದ ಎಣ್ಮಗಳು, ಅದೊಂದು ಹೆಮ್ಮೇಲಿ ಬದುಕವ್ಳೆ. ಊರೆಲ್ಲ ಕೂತು ಮಾತಾಡ್ಕಂಡಿದ್ದೀವಿ. ನೀನು ಬಾಯ್ಬುಟ್ಟು ಆ ಯಮ್ಮನ ಹೊಟ್ಟೆ ಉರಿಸ್ಬ್ಯಾಡ. ನನ್ ಮೇಲಾಣೆ ಮಾಡು."

ತಿಮ್ಮರಾಜು ಆಣೆ ಮಾಡಿದ. ಮಾಡಿದನೇನೋ ಸರಿ, ಆದರೆ ಊರಿಗೆ ಊರೇ ಅವ್ವನಿಗಾಗಿ ನಾಟಕ ಆಡುತ್ತಿರುವಾಗ ಮಗನಾಗಿ ತಾನೂ ಅವಳನ್ನು ಮೋಸದಲ್ಲಿಟ್ಟಿರುವುದು ಅವನಿಗೆ ಸಹಿಸಲಾಗಲಿಲ್ಲ. ಊಟಕ್ಕೆಂದು ಮನೆಗೆ ಹೋದವನು, ಅವ್ವ ಮುದ್ದೆ ತಟ್ಟೆಗೆ ಹಾಕುತ್ತಿದ್ದಂತೆ ಆಣೆ ಮುರಿದ.

"ಅವ್ವ, ನಾನು ಡಾಕ್ಟ್ರಲ್ಲ. ನರ್ಸ್ ಆಗೋಕೆ ಓದ್ತಿವ್ನಿ."

ಅಂಜಮ್ಮ ಸೌಟು ಕೂಡ ನಿಲ್ಲಿಸಲಿಲ್ಲ. ಸಾರು ಬಿಡುತ್ತಲೇ, "ಗೊತ್ತು, ತಿನ್ನು," ಎಂದಳು.

"ಗೊತ್ತಾ? ಯಾವಾಗಿಂದ?"

"ಮನೇಗ್ ಬಂದಾಗೆಲ್ಲ ಆಸ್ಪತ್ರೆ ನರ್ಸಮ್ಮನಂಗೆ ಕಂಬ್ಳಿ ಮೂಲೆ ಮಡಿಸಿ ಮಡಿಸಿ ಹಾಸ್ತೀಯ. ನಂಗೆ ಜ್ವರ ಬಂದಾಗ ಹೊತ್ತು ಮುಳುಗಿ ಬೆಳಗಾಗೋಗಂಟ ಹಣೆಗೆ ಒದ್ದೆಬಟ್ಟೆ ಹಾಕ್ತಾ ಕೂತಿದ್ದೆ. ಯಾವ್ ಡಾಕ್ಟ್ರು ಹಂಗ್ ಕೂತವ್ನೆ, ಯೋಳು?" ಅಂಜಮ್ಮನ ಕಣ್ಣು ತುಂಬಿತು. ಮಗನ ತಲೆ ಸವರಿದಳು. "ಡಾಕ್ಟ್ರಾಗಿದ್ರೆ ನಂಗೆ ಇಷ್ಟು ಖುಷಿ ಆಯ್ತಿರ್ಲಿಲ್ಲ ಕಣ್ಲಾ."

ಎರಡು ವರ್ಷದ ಹೊರೆ ಇಳಿದು, ತಿಮ್ಮರಾಜು ಮಗುವಿನಂತೆ ಅತ್ತ. ಕಣ್ಣೊರೆಸಿಕೊಂಡು, "ಹಂಗಾದ್ರೆ ಈಗ್ಲೇ ಹೋಗಿ ಎಲ್ಲಾರ್ಗೂ ಯೋಳ್ಬುಡ್ತೀನಿ," ಎಂದು ಎದ್ದ.

ಅಂಜಮ್ಮ ಗಬಕ್ಕನೆ ಅವನ ಕೈ ಹಿಡಿದಳು.

"ಅಯ್ಯೋ, ಬ್ಯಾಡ ಕಣಪ್ಪ! ನಮ್ಮೂರ್ಗೂ ಒಬ್ಬ ಡಾಕ್ಟ್ರವ್ನೆ ಅಂತ ಪಾಪ ಎಷ್ಟು ಹಿಗ್ತಾವ್ರೆ. ಅಷ್ಟ್ ಜನರ ಮನಸ್ಸು ಮುರಿಬ್ಯಾಡ. ನನ್ ತಲೆ ಮುಟ್ಟಿ ಆಣೆ ಮಾಡು."

ತಿಮ್ಮರಾಜು ಬಾಯಿ ತೆರೆದ. ಅವರಿಗೂ ಗೊತ್ತು ಎಂದರೆ, ಊರು ಅವಳ ಮೇಲಿನ ಮರುಕದಿಂದ ನಾಟಕ ಆಡುತ್ತಿದೆ ಎಂದು ಅವ್ವನಿಗೆ ತಿಳಿದುಹೋಗುತ್ತದೆ. ಬಾಯಿ ಮುಚ್ಚಿಕೊಂಡು ಅವ್ವನ ತಲೆ ಮುಟ್ಟಿದ.

ಸಂಜೆ ಮೇಡಂ ಬಲು ಸಂತೋಷದಲ್ಲಿದ್ದರು. ಈ ಊರನ್ನು ಸಂಘವೇ ದತ್ತು ತೆಗೆದುಕೊಳ್ಳುತ್ತದೆ, ತಿಂಗಳು ತಿಂಗಳೂ ಶಿಬಿರ, ಕಾರ್ಯದರ್ಶಿಗೇ ಪೂರ್ತಿ ಉಸ್ತುವಾರಿ ಎಂದು ಸಾರಿದರು. ಊರು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ಅಂಜಮ್ಮ, ಊರಿಗೆಲ್ಲ ಕೇಳಲೆಂದು ಕೂಗಿದಳು:

"ಡಾಕ್ಟ್ರಪ್ಪಾ, ಮುಂದಿನ್ ತಿಂಗ್ಳು ತಪ್ಪದೆ ಬತ್ತೀಯಾ ತಾನೆ?"

"ಬತ್ತಾನೆ ಬುಡಮ್ಮ, ನಮ್ ಡಾಕ್ಟ್ರಪ್ಪ!" ಎಂದಿತು ಊರು, ಅಂಜಮ್ಮನಿಗೆ ಕೇಳಲೆಂದು.

ನಡುವೆ ನಿಂತ ತಿಮ್ಮರಾಜು ಅತ್ತ ಒಮ್ಮೆ, ಇತ್ತ ಒಮ್ಮೆ ಕೈಮುಗಿದ. "ಬತ್ತೀನಿ," ಎಂದು ಡಾಕ್ಟರ ಗತ್ತಿನಲ್ಲೇ ಹೇಳಿ ವ್ಯಾನು ಹತ್ತಿದ.